ಮಿಲ್ಟ್ರಿಯಲ್ಲಿ ಮೈ ಕೈಕೊಟ್ಟರೆ ಮನೆಗೇ ಬರಬೇಕೆಂದಿಲ್ಲ

ಬೋರ್ಡ್ ಕೇಳಿ, ಕಾಗದ ಕೂಡಿಡಿ, ಓದದೆ ಸಹಿ ಹಾಕಬೇಡಿ: ಜತ್ತ ಭಾಗದ ಸೈನಿಕ ಕುಟುಂಬಗಳು ತಿಳಿದಿರಬೇಕಾದ ಸಂಗತಿ

ಜತ್ತ: ಹುಡುಗ ಭರ್ತಿಯಾದ ದಿನ ಊರೆಲ್ಲ ಪೇಢೆ ಹಂಚುತ್ತಾರೆ. ನಿವೃತ್ತಿಯಾಗಿ ಬಂದ ದಿನ ಹಾರ ಹಾಕಿ, ಹಲಗೆ ಬಾರಿಸಿ ಮೆರವಣಿಗೆ ಮಾಡುತ್ತಾರೆ. ಆದರೆ ಈ ಎರಡು ದಿನಗಳ ನಡುವಿನ ಹದಿನೈದು-ಹದಿನೇಳು ವರ್ಷದಲ್ಲಿ ಅವನ ಮೊಣಕಾಲು, ಬೆನ್ನು, ಕಿವಿ, ಎದೆ ಏನೇನು ಸಹಿಸಿದವು ಎಂದು ಕೇಳುವವರು ಕಡಿಮೆ. ಮೈ ಕೈಕೊಟ್ಟಾಗ ಏನು ಮಾಡಬೇಕು ಎಂದು ತಿಳಿಸಿ ಹೇಳುವವರಂತೂ ಇನ್ನೂ ಕಡಿಮೆ.

ಜತ್ತ ತಾಲೂಕಿನ ಪೂರ್ವ ಭಾಗದ ಉಮದಿ, ಸಂಖ, ಬಾಲಗಾಂವ, ಮಾಡಗ್ಯಾಳ ಸುತ್ತಿನ ಊರುಗಳಲ್ಲಿ ಮಳೆಯ ಭರವಸೆ ಇಲ್ಲ. ಮ್ಹೈಸಾಳ ಯೋಜನೆಯ ನೀರಿನ ಮಾತು ಎಷ್ಟೋ ವರ್ಷಗಳಿಂದ ನಡೆದೇ ಇದೆ. ಇಂಥ ಕಡೆ ಒಬ್ಬ ಮಗನಿಗೆ ಸೈನ್ಯದಲ್ಲಿ ನೌಕರಿ ಸಿಕ್ಕರೆ ಮನೆತನಕ್ಕೇ ಆಧಾರ. ಅವನ ಪಗಾರದ ಮೇಲೆ ತಂಗಿಯ ಮದುವೆ, ಬೋರವೆಲ್ಲಿನ ಸಾಲ, ತಂದೆಯ ಔಷಧ ಎಲ್ಲ ನಿಂತಿರುತ್ತದೆ. ಅದಕ್ಕೇ ಏನಾದರೂ ಜಡ್ಡು ಬಂತೆಂದರೆ ಹುಡುಗ ಮೊದಲು ಮಾಡುವ ಕೆಲಸ ಅದನ್ನು ಮುಚ್ಚಿಡುವುದು. ‘ಕೆಟಗರಿ ಬಿದ್ದರ ನೌಕರಿ ಹೋತು’ ಎಂಬ ಹೆದರಿಕೆ.

ಈ ಹೆದರಿಕೆ ಅರ್ಧ ಮಾತ್ರ ನಿಜ. ಸೈನ್ಯದಲ್ಲಿ ಕಾಯಿಲೆ ಬಿದ್ದವನಿಗೆ ಕೆಲಸ ಬದಲಿಸಿಕೊಡುವ ಪದ್ಧತಿ ಇದೆ, ಅದಕ್ಕೆ ನಿಯಮಗಳಿವೆ. ಆ ನಿಯಮ ಮೀರಿದಾಗ ಸುಪ್ರೀಂ ಕೋರ್ಟು ಸೈನಿಕನ ಪರ ನಿಂತ ತೀರ್ಪುಗಳೂ ಇವೆ. ಆದರೆ ಈ ಪದ್ಧತಿಯ ಲಾಭ ಸಿಗುವುದು ಕಾಯಿಲೆಯನ್ನು ಕಾಗದಕ್ಕೆ ತಂದವನಿಗೆ. ಮುಚ್ಚಿಟ್ಟವನಿಗಲ್ಲ.

‘ಕೆಟಗರಿ’ ಎಂದರೇನು?

ಭಾರತದಲ್ಲಿ ಕಡ್ಡಾಯ ಸೈನಿಕ ಸೇವೆ ಇಲ್ಲ. ಸೇರುವವರೆಲ್ಲ ಸ್ವಂತ ಇಚ್ಛೆಯಿಂದಲೇ ಸೇರುತ್ತಾರೆ. ಸೇರಿದ ಮೇಲೆ ಪ್ರತಿಯೊಬ್ಬನ ಆರೋಗ್ಯವನ್ನು ‘ಶೇಪ್’ ಎಂಬ ಐದು ಅಕ್ಷರಗಳ ಲೆಕ್ಕದಲ್ಲಿ ಅಳೆಯುತ್ತಾರೆ. ಎಸ್ ಎಂದರೆ ಮಾನಸಿಕ ಆರೋಗ್ಯ, ಎಚ್ ಎಂದರೆ ಕಿವಿ, ಎ ಎಂದರೆ ಕೈಕಾಲು, ಪಿ ಎಂದರೆ ಒಟ್ಟು ದೇಹದ ತಾಕತ್ತು, ಇ ಎಂದರೆ ಕಣ್ಣು. ಪ್ರತಿ ಅಕ್ಷರಕ್ಕೂ 1ರಿಂದ 5ರವರೆಗೆ ದರ್ಜೆ ಇರುತ್ತದೆ.

ಎಲ್ಲದರಲ್ಲೂ 1 ಇದ್ದರೆ ‘ಶೇಪ್ ಒನ್’. ಅಂಥವನನ್ನು ಯಾವ ಜಾಗಕ್ಕೂ, ಯಾವ ಡ್ಯೂಟಿಗೂ ಕಳಿಸಬಹುದು. 2 ಎಂದರೆ ಕೆಲಸ ಮಾಡಬಲ್ಲ, ಆದರೆ ವಿಪರೀತ ಶ್ರಮದ ಡ್ಯೂಟಿಗೆ ಮಿತಿ ಇದೆ. 3 ಎಂದರೆ ಹಗುರ ಕೆಲಸ ಅಥವಾ ಕೂತು ಮಾಡುವ ಕೆಲಸ, ಜೊತೆಗೆ ಯಾವ ಪ್ರದೇಶಕ್ಕೆ ಕಳಿಸಬೇಕು ಎಂಬುದಕ್ಕೂ ಮಿತಿ. 4 ಎಂದರೆ ದವಾಖಾನೆಯಲ್ಲಿ ಅಥವಾ ಸಿಕ್ ಲೀವಿನಲ್ಲಿ ಇರುವವ, ಸದ್ಯಕ್ಕೆ ಡ್ಯೂಟಿಗೆ ಅನರ್ಹ. 5 ಎಂದರೆ ಸೈನ್ಯದ ಕೆಲಸಕ್ಕೆ ಶಾಶ್ವತವಾಗಿ ಅನರ್ಹ.

ಒಂದಕ್ಕಿಂತ ಕೆಳಗಿಳಿದವನನ್ನು ‘ಲೋ ಮೆಡಿಕಲ್ ಕೆಟಗರಿ’ ಎನ್ನುತ್ತಾರೆ. ಜವಾನರ ಬಾಯಲ್ಲಿ ‘ಎಲ್‌ಎಂಸಿ’. ಇದು ಮೊದಲು ತಾತ್ಕಾಲಿಕವಾಗಿರುತ್ತದೆ, ಸಾಮಾನ್ಯವಾಗಿ 24 ವಾರದವರೆಗೆ. ಆಮೇಲೆ ಮತ್ತೆ ತಪಾಸಣೆ. ಗುಣವಾದರೆ ಶೇಪ್ ಒನ್‌ಗೆ ಮರಳಬಹುದು. ಆಗದಿದ್ದರೆ ಕೆಟಗರಿ ಕಾಯಂ ಆಗುತ್ತದೆ. ಕಾಯಂ ಆದ ಮೇಲೂ ಎರಡು ವರ್ಷಕ್ಕೊಮ್ಮೆ ಮರುತಪಾಸಣೆ ಇರುತ್ತದೆ. ಅಂದರೆ ಕೆಟಗರಿ ಬಿತ್ತು ಎಂದಾಕ್ಷಣ ಮನೆಗೆ ಕಳಿಸಿದರು ಎಂದಲ್ಲ. 2 ಮತ್ತು 3ರ ದರ್ಜೆಯವರು ಸೇವೆಯಲ್ಲೇ ಇರುತ್ತಾರೆ. ಬದಲಾಗುವುದು ಅವರ ಕೆಲಸ.

ಕೆಲಸ ಹೇಗೆ ಬದಲಾಗುತ್ತದೆ?

ದಾರಿ ಶುರುವಾಗುವುದು ಯೂನಿಟ್ಟಿನ ಡಾಕ್ಟರಿಂದ. ಇವರಿಗೆ ‘ಆರ್‌ಎಂಒ’ ಎನ್ನುತ್ತಾರೆ. ಜವಾನ ಬೆಳಿಗ್ಗೆ ಸಿಕ್ ರಿಪೋರ್ಟ್ ಮಾಡಬೇಕು. ಆರ್‌ಎಂಒ ನೋಡಿ ಬೇಕಾದರೆ ಮಿಲ್ಟ್ರಿ ಆಸ್ಪತ್ರೆಗೆ ಕಳಿಸುತ್ತಾರೆ. ಅಲ್ಲಿ ಆ ಕಾಯಿಲೆಯ ತಜ್ಞ ಡಾಕ್ಟರು ಅಭಿಪ್ರಾಯ ಬರೆಯುತ್ತಾರೆ. ಅದರ ಮೇಲೆ ವೈದ್ಯಕೀಯ ಮಂಡಳಿ, ಅಂದರೆ ಎಲ್ಲರೂ ‘ಬೋರ್ಡ್’ ಎನ್ನುವ ಡಾಕ್ಟರುಗಳ ತಂಡ, ಕೂತು ಕೆಟಗರಿ ನಿರ್ಧರಿಸುತ್ತದೆ. ಈ ನಡಾವಳಿ ಎ.ಎಫ್.ಎಂ.ಎಸ್.ಎಫ್. 15 ಎಂಬ ನಮೂನೆಯಲ್ಲಿ ಬರೆಯಲ್ಪಡುತ್ತದೆ.

ಆ ಕಾಗದದಲ್ಲಿ ಕಾಯಿಲೆಯ ಹೆಸರಿನಷ್ಟೇ ಮುಖ್ಯವಾದದ್ದು ಕೆಲಸದ ಮಿತಿಯ ಸಾಲು. ಭಾರ ಹೊರುವಂತಿಲ್ಲ, ಓಟ ಇಲ್ಲ, 9,000 ಅಡಿಗಿಂತ ಎತ್ತರದ ಜಾಗಕ್ಕೆ ಕಳಿಸುವಂತಿಲ್ಲ, ರಾತ್ರಿ ಪಹರೆ ಇಲ್ಲ, ಹತ್ತಿರದಲ್ಲಿ ಆಸ್ಪತ್ರೆ ಇರಬೇಕು ಎಂದು ಹೀಗೆ ಆಯಾ ಕಾಯಿಲೆಗೆ ತಕ್ಕಂತೆ ಬರೆದಿರುತ್ತಾರೆ. ಈ ಮಿತಿಗೆ ಹೊಂದುವ ಕೆಲಸವನ್ನು ಯೂನಿಟ್ಟಿನ ಕಮಾಂಡಿಂಗ್ ಅಧಿಕಾರಿ ಕೊಡಬೇಕಾಗುತ್ತದೆ. ಸ್ಟೋರ್, ಆಫೀಸು, ಟೆಲಿಫೋನು, ಕ್ಯಾಂಟೀನು, ತರಬೇತಿ ಕೇಂದ್ರ, ಹೀಗೆ. ಇದಕ್ಕೆ ಸೈನ್ಯದ ಭಾಷೆಯಲ್ಲಿ ‘ಶೆಲ್ಟರ್ಡ್ ಅಪಾಯಿಂಟ್‌ಮೆಂಟ್’ ಎಂಬ ಹೆಸರು. ಅಂದರೆ ಮೈಗೆ ಆಸರೆಯಾಗುವ ಹುದ್ದೆ.

ಆದರೆ ಒಂದು ಮಾತು ಸ್ಪಷ್ಟವಾಗಿರಲಿ. ಕೇಳುವುದಕ್ಕೆ ಜವಾನನಿಗೆ ಹಕ್ಕಿದೆ, ಬೋರ್ಡ್ ಆಗಲೇಬೇಕು ಎಂಬ ನಿಯಮವಿದೆ. ಆದರೆ ಹಗುರ ಹುದ್ದೆ ಸಿಕ್ಕೇ ಸಿಗುತ್ತದೆ ಎಂಬ ಖಾತರಿ ಇಲ್ಲ. ಹುದ್ದೆ ಖಾಲಿ ಇರಬೇಕು, ಯೂನಿಟ್ಟಿಗೆ ಅವನ ಅಗತ್ಯ ಇರಬೇಕು. ಬಡ್ತಿಗೂ ತೊಡಕಾಗಬಹುದು. ಅಂಗವೈಕಲ್ಯ ಬಂದ ಸರಕಾರಿ ನೌಕರನನ್ನು ಕೆಲಸದಿಂದ ತೆಗೆಯಬಾರದು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಮು ಹೇಳುತ್ತದೆ. ತಹಸೀಲ್ದಾರ ಕಚೇರಿಯ ಕಾರಕೂನನಿಗೆ ಈ ರಕ್ಷಣೆ ಉಂಟು. ಆದರೆ 2021ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ಅಧಿಸೂಚನೆ ಹೊರಡಿಸಿ, ಸೈನ್ಯದ ಯೋಧರ ಹುದ್ದೆಗಳನ್ನು ಈ ಕಲಮಿನಿಂದ ಹೊರಗಿಟ್ಟಿದೆ. ಹೀಗಾಗಿ ಸೈನಿಕನಿಗೆ ಉಳಿದ ಆಸರೆ ಸೈನ್ಯದ ಸ್ವಂತ ನಿಯಮಗಳೇ.

ಒಂದು ಲೆಕ್ಕ ಹಾಕಿ ನೋಡೋಣ

ಸಂಖ ಕಡೆಯ ಒಬ್ಬ ಹುಡುಗ ಎಂದು ಇಟ್ಟುಕೊಳ್ಳಿ. 2015ರ ಸುಮಾರಿಗೆ ಕಾಲಾಳು ಪಡೆಗೆ ಸೇರಿದ. ಒಂಬತ್ತು ವರ್ಷ ಸೇವೆ. ಗುಡ್ಡ ಹತ್ತಿ ಇಳಿದು ಮೊಣಕಾಲು ಹಿಡಿದಿದೆ. ಫೋನಿನಲ್ಲಿ ಹೇಳುತ್ತಾನೆ: ‘ಯಪ್ಪಾ, ಇನ್ನ ಆಗೂದಿಲ್ಲ. ನಾನs ಬರದುಕೊಟ್ಟು ಬಂದುಬಿಡ್ತೀನಿ.’ ಅಪ್ಪನೂ ಕರುಳು ಚುರುಕ್ ಎಂದು, ‘ಬಾರೋ ತಮ್ಮಾ, ಹೊಲಾ ನೋಡಕೊಂಡು ಇರಾಕಂತಿ’ ಅನ್ನುತ್ತಾನೆ.

ಇಲ್ಲೇ ಎಚ್ಚರಿಕೆ ಬೇಕು. ಸಿಪಾಯಿಗೆ ಸಾಮಾನ್ಯ ಪಿಂಚಣಿ ಬರಲು 15 ವರ್ಷ ಸೇವೆ ಬೇಕು. ಸ್ವಂತ ಕೋರಿಕೆಯ ಮೇಲೆ 9 ವರ್ಷಕ್ಕೆ ಬಂದರೆ ಆ ಪಿಂಚಣಿ ಇಲ್ಲ. ಅದೇ ಹುಡುಗ ಸಿಕ್ ರಿಪೋರ್ಟ್ ಮಾಡಿ, ಬೋರ್ಡ್ ಆಗಿ, ಎ-2 ಅಥವಾ ಎ-3 ಕೆಟಗರಿಯಲ್ಲಿ ಸ್ಟೋರಿನ ಕೆಲಸಕ್ಕೆ ಕೂತು ಇನ್ನು 6 ವರ್ಷ ಕಳೆದರೆ ಜೀವನಪರ್ಯಂತ ಪಿಂಚಣಿ. ಅದೇ ಮೊಣಕಾಲು, ಅದೇ ಮನುಷ್ಯ. ವ್ಯತ್ಯಾಸ ಇರುವುದು ಒಂದು ಕಾಗದದಲ್ಲಿ.

ಹಗುರ ಹುದ್ದೆ ಸಿಗದೆ, ಕಾಯಿಲೆಯ ಕಾರಣಕ್ಕೆ ಸೈನ್ಯವೇ ಬಿಡುಗಡೆ ಮಾಡಿತು ಎನ್ನಿ. ಆಗಲೂ ಸ್ವಂತ ಕೋರಿಕೆಗೂ ಇದಕ್ಕೂ ಅಜಗಜಾಂತರ. ಕಾಯಿಲೆ ಸೇವೆಯಿಂದ ಬಂದದ್ದು ಅಥವಾ ಸೇವೆಯಿಂದ ಹೆಚ್ಚಾದದ್ದು ಎಂದು ಬೋರ್ಡ್ ಒಪ್ಪಿದರೆ ಅಂಗವೈಕಲ್ಯ ಪಿಂಚಣಿಯ ಬಾಗಿಲು ತೆರೆಯುತ್ತದೆ. ಅದಕ್ಕೆ 15 ವರ್ಷದ ಷರತ್ತು ಅಡ್ಡ ಬರುವುದಿಲ್ಲ. ಸೇವೆಗೂ ಕಾಯಿಲೆಗೂ ಸಂಬಂಧವಿಲ್ಲ ಎಂದು ಬರೆದರೂ ‘ಇನ್‌ವ್ಯಾಲಿಡ್ ಪಿಂಚಣಿ’ ಎಂಬುದೊಂದಿದೆ. ಮೊದಲು ಇದಕ್ಕೆ ಕನಿಷ್ಠ 10 ವರ್ಷ ಸೇವೆ ಬೇಕಿತ್ತು. 2020ರ ಜುಲೈಯಲ್ಲಿ ರಕ್ಷಣಾ ಇಲಾಖೆ ಇದನ್ನು 10 ವರ್ಷಕ್ಕಿಂತ ಕಡಿಮೆ ಸೇವೆಯವರಿಗೂ ವಿಸ್ತರಿಸಿತು. 2019ರ ಜನವರಿ 4ರಂದು ಅಥವಾ ಆಮೇಲೆ ಸೇವೆಯಲ್ಲಿದ್ದವರಿಗೆ ಇದು ಅನ್ವಯ. ಸೈನ್ಯದ ಕೆಲಸಕ್ಕೂ ಹೊರಗಿನ ನೌಕರಿಗೂ ಶಾಶ್ವತವಾಗಿ ಅಸಮರ್ಥನಾಗಿರಬೇಕು ಎಂಬ ಷರತ್ತನ್ನು ಆ ಆದೇಶದಲ್ಲಿ ಹಾಕಲಾಗಿತ್ತು.

ಅದಕ್ಕೇ ಅನುಭವಸ್ಥ ನಿವೃತ್ತ ಸೈನಿಕರು ಹುಡುಗರಿಗೆ ಹೇಳುವ ಬುದ್ಧಿಮಾತು ಒಂದೇ: ‘ಸ್ವಂತ ಇಚ್ಛೆಯಿಂದ’, ‘ಮುಂದುವರಿಯಲು ಒಪ್ಪಿಗೆ ಇಲ್ಲ’ ಎಂಬ ಮಾತಿರುವ ಕಾಗದ ಮುಂದೆ ಬಂದರೆ ಅಂದೇ ಸಹಿ ಹಾಕಬೇಡ. ಒಂದು ದಿನ ತಡಿ. ಗೊತ್ತಿದ್ದವರಿಗೆ ಓದಿಸು. ಯಾವ ಕಾರಣಕ್ಕೆ ಬಿಡುಗಡೆ ಎಂದು ಅದರಲ್ಲಿ ಬರೆದಿದೆಯೋ ಅದರ ಮೇಲೆಯೇ ಮುಂದಿನ ಮೂವತ್ತು ವರ್ಷದ ಊಟ ನಿಂತಿರುತ್ತದೆ.

ಕೋರ್ಟು ಏನು ಹೇಳಿದೆ?

ಈ ವಿಷಯದಲ್ಲಿ ಎಲ್ಲರೂ ನೆನಪಿಡಬೇಕಾದ ತೀರ್ಪು 2008ರ ನವೆಂಬರಿನದು. ಹೃದಯದ ಕಾಯಿಲೆಯಿಂದ ಕಾಯಂ ಕೆಳ ಕೆಟಗರಿಗೆ ಬಂದಿದ್ದ ನಾಯಬ್ ಸುಬೇದಾರ ರಾಜಪಾಲ ಸಿಂಗ್ ಅವರನ್ನು, ಹಗುರ ಹುದ್ದೆ ಖಾಲಿ ಇಲ್ಲ ಎಂಬ ಕಾರಣ ಕೊಟ್ಟು 2002ರಲ್ಲಿ ಬಿಡುಗಡೆ ಮಾಡಲಾಗಿತ್ತು. ಕಾಯಿಲೆಯ ಕಾರಣಕ್ಕೆ ಕಳಿಸುವುದಾದರೆ 1954ರ ಸೇನಾ ನಿಯಮಗಳ 13ನೇ ನಿಯಮದಂತೆ ‘ಇನ್‌ವ್ಯಾಲಿಡಿಂಗ್ ಬೋರ್ಡ್’ ಶಿಫಾರಸು ಬೇಕು, ಅದಿಲ್ಲದೆ ಕಳಿಸಿದ್ದು ಸರಿಯಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಅದೇ ತಿಂಗಳು ದಿಲ್ಲಿ ಹೈಕೋರ್ಟು ಸುಬೇದಾರ ಪುಟ್ಟನ್ ಲಾಲ್ ಪ್ರಕರಣದಲ್ಲಿ ಇದೇ ರೀತಿ ಬಿಡುಗಡೆಯಾದವರ ಪರ ತೀರ್ಪು ಕೊಟ್ಟಿತು.

ಇದಾದ ಮೇಲೆ 2010ರಲ್ಲಿ ಸರಕಾರ 13ನೇ ನಿಯಮಕ್ಕೇ ತಿದ್ದುಪಡಿ ತಂದಿತು. ಕಾಯಂ 2 ಅಥವಾ 3ರ ದರ್ಜೆಯಲ್ಲಿದ್ದವನಿಗೆ ಹಗುರ ಹುದ್ದೆ ಇಲ್ಲದಿದ್ದರೆ ಬಿಡುಗಡೆ ಮಾಡಲು ದಾರಿ ಮಾಡಿಕೊಂಡಿತು. ಹೀಗಾಗಿ 2008ರ ತೀರ್ಪನ್ನು ಹಿಡಿದು ‘ನನ್ನನ್ನ ಯಾರೂ ಕಳಸಾಕ ಬರೂದಿಲ್ಲ’ ಎಂದು ಕೂಡುವಂತಿಲ್ಲ. ಆದರೆ ತಿದ್ದುಪಡಿಯ ಮೇಲೂ ವೈದ್ಯಕೀಯ ಬೋರ್ಡ್ ತಪ್ಪಿಲ್ಲ. ಬೋರ್ಡ್ ಇಲ್ಲದೆ, ಬರೀ ಆಫೀಸಿನ ಚೀಟಿಯ ಮೇಲೆ ಕಾಯಿಲೆಯವನನ್ನು ಮನೆಗೆ ಕಳಿಸಲು ಬರುವುದಿಲ್ಲ ಎಂಬ ಮೂಲ ಮಾತು ಹಾಗೇ ಉಳಿದಿದೆ.

ಎರಡನೇ ತೀರ್ಪು 2013ರ ಜುಲೈ 2ರದು. ಸಿಗ್ನಲ್ಸ್ ವಿಭಾಗದ ಧರಮವೀರ ಸಿಂಗ್ 1985ರಲ್ಲಿ ಸೇರಿ 1994ರಲ್ಲಿ ಮೂರ್ಛೆ ಕಾಯಿಲೆಯ ಕಾರಣ ಹೊರಬಿದ್ದಿದ್ದರು. ಹುಟ್ಟಿನಿಂದ ಬಂದ ಕಾಯಿಲೆ, ಸೇವೆಗೆ ಸಂಬಂಧ ಇಲ್ಲ ಎಂದು ಪಿಂಚಣಿ ನಿರಾಕರಿಸಲಾಗಿತ್ತು. ಸೇರುವಾಗ ತಪಾಸಣೆ ಮಾಡಿ ಗಟ್ಟಿಮುಟ್ಟು ಎಂದು ಬರೆದುಕೊಂಡಿದ್ದೀರಿ, ಆ ಕಾಯಿಲೆಯ ಬಗ್ಗೆ ಅಂದು ಒಂದು ಸಾಲೂ ಬರೆದಿಲ್ಲ, ಹಾಗಿದ್ದಾಗ ಆಮೇಲೆ ಬಂದದ್ದು ಸೇವೆಯಿಂದಲೇ ಬಂತು ಎಂದು ಭಾವಿಸಬೇಕು, ಅಲ್ಲ ಎನ್ನುವುದಾದರೆ ಅದನ್ನು ಸಾಬೀತು ಮಾಡುವ ಹೊಣೆ ಸರಕಾರದ್ದು ಎಂಬುದು ಕೋರ್ಟಿನ ತರ್ಕ. ಈ ಒಂದು ತೀರ್ಪಿನ ಆಧಾರದ ಮೇಲೆ ನಂತರ ಎಷ್ಟೋ ಸೈನಿಕರಿಗೆ ಪರಿಹಾರ ಸಿಕ್ಕಿದೆ.

2014ರ ಡಿಸೆಂಬರಿನಲ್ಲಿ ರಾಮ ಅವತಾರ ಪ್ರಕರಣದಲ್ಲಿ ಇನ್ನೊಂದು ಅನುಕೂಲವಾಯಿತು. ಅಂಗವೈಕಲ್ಯ ಪಿಂಚಣಿಗೆ ಕನಿಷ್ಠ ಶೇ. 20 ಬೇಕು. ಅಲ್ಲಿಂದ ಮುಂದೆ ಶೇ. 50ಕ್ಕಿಂತ ಕಡಿಮೆ ಇದ್ದರೆ 50 ಎಂದು, 50ರಿಂದ 75ರವರೆಗೆ ಇದ್ದರೆ 75 ಎಂದು, ಅದಕ್ಕೂ ಮೇಲಿದ್ದರೆ 100 ಎಂದು ಲೆಕ್ಕ ಹಿಡಿಯುವ ಪದ್ಧತಿ ಇದೆ. ಈ ಲಾಭ ಬೋರ್ಡ್ ಔಟ್ ಆದವರಿಗೆ ಮಾತ್ರವಲ್ಲ, ಅಂಗವೈಕಲ್ಯದೊಂದಿಗೆ ಅವಧಿ ಮುಗಿಸಿ ನಿವೃತ್ತರಾದವರಿಗೂ ಸಲ್ಲಬೇಕು ಎಂದು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು.

ಆದರೆ 2023ರ ಸೆಪ್ಟೆಂಬರ್ 21ರಿಂದ ಹೊಸ ಅರ್ಹತಾ ನಿಯಮಗಳು ಜಾರಿಗೆ ಬಂದಿವೆ. ಅಂಗವೈಕಲ್ಯದೊಂದಿಗೆ ಸೇವೆಯಲ್ಲಿ ಮುಂದುವರಿದವರಿಗೆ ಸಿಗುವ ಮೊತ್ತಕ್ಕೆ ‘ಇಂಪೇರ್‌ಮೆಂಟ್ ರಿಲೀಫ್’ ಎಂಬ ಹೊಸ ಹೆಸರು ಬಂದಿದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಯಂಥ ವಿಷಯದಲ್ಲಿ ನಿಯಮ ಬಿಗಿಯಾಗಿದೆ ಎಂದು ನಿವೃತ್ತ ಸೈನಿಕರ ಸಂಘಟನೆಗಳು ತಕರಾರು ಎತ್ತಿವೆ. ಹೀಗಾಗಿ ‘ನಮ್ಮ ಕಾಕಾಗ ಬಂದೈತಿ, ನನಗೂ ಬರತೈತಿ’ ಎಂದು ನಂಬಿ ಕೂಡುವುದು ಬೇಡ. ಕಾಕಾ ನಿವೃತ್ತನಾದ ಇಸವಿ ಬೇರೆ, ನಿಮ್ಮದು ಬೇರೆ.

ಅಗ್ನಿವೀರರಿಗೆ ದಾರಿ ಇನ್ನೂ ಇಕ್ಕಟ್ಟು

ಇಲ್ಲಿಯವರೆಗೆ ಹೇಳಿದ್ದು ಹಳೆಯ ಭರ್ತಿಯವರ ಮಾತು. 2022ರ ಜೂನಿನಲ್ಲಿ ಅಗ್ನಿಪಥ ಯೋಜನೆ ಬಂದ ಮೇಲೆ ಸೇರುವ ಹುಡುಗರು ನಾಲ್ಕು ವರ್ಷದ ಅಗ್ನಿವೀರರು. ಸಾಂಗ್ಲಿ ಜಿಲ್ಲೆಯವರಿಗೆ ಕೊಲ್ಹಾಪುರದ ಭರ್ತಿ ಕಚೇರಿ. ಈ ಹುಡುಗರ ಪಾಲಕರು ಒಂದು ಷರತ್ತನ್ನು ಗಮನಿಸಲೇಬೇಕು. ಕಾಯಂ ಕೆಳ ಕೆಟಗರಿಗೆ ಬಂದ ಅಗ್ನಿವೀರ ಯೋಜನೆಯಲ್ಲಿ ಮುಂದುವರಿಯಲು ಅರ್ಹನಲ್ಲ ಎಂದು ಯೋಜನೆಯ ಷರತ್ತುಗಳಲ್ಲೇ ಬರೆದಿದೆ. ಅಂದರೆ ಕಾಯಂ ಸಿಪಾಯಿಗೆ ಇರುವ ಹಗುರ ಹುದ್ದೆಯ ಆಸರೆ ಅಗ್ನಿವೀರನಿಗೆ ಇಲ್ಲ.

ಅವನಿಗೆ ಪಿಂಚಣಿಯೂ ಇಲ್ಲ. ಸೇವೆಯಿಂದ ಬಂದ ಅಂಗವೈಕಲ್ಯ ಎಂದು ಒಪ್ಪಿದರೆ ಒಂದೇ ಸಲ ಪರಿಹಾರ: ಶೇ. 100ಕ್ಕೆ 44 ಲಕ್ಷ, ಶೇ. 75ಕ್ಕೆ 25 ಲಕ್ಷ, ಶೇ. 50ಕ್ಕೆ 15 ಲಕ್ಷ ರೂಪಾಯಿ ಎಂದು ಯೋಜನೆ ಪ್ರಕಟವಾದಾಗ ತಿಳಿಸಲಾಗಿದೆ. ಜೊತೆಗೆ ನಾಲ್ಕು ವರ್ಷದಲ್ಲಿ ಉಳಿದ ಅವಧಿಯ ಪಗಾರ ಮತ್ತು ಸೇವಾನಿಧಿ. ಸೇವೆಗೆ ಸಂಬಂಧ ಇಲ್ಲ ಎಂದು ಬರೆದರೆ ಈ ಪರಿಹಾರ ತಪ್ಪುತ್ತದೆ. ಹೀಗಾಗಿ ಗಾಯ ಯಾವಾಗ ಆಯಿತು, ಎಲ್ಲಿ ಆಯಿತು, ಯಾವ ಡ್ಯೂಟಿಯ ಮೇಲೆ ಆಯಿತು ಎಂಬ ಕಾಗದ ಅಗ್ನಿವೀರನಿಗೆ ಎಲ್ಲರಿಗಿಂತ ಹೆಚ್ಚು ಮುಖ್ಯ.

ಆದರೆ ನಡೆಯುವ ಸಾಧ್ಯತೆ ಇರುವುದು ಇದರ ಉಲ್ಟಾ. ನಾಲ್ಕು ವರ್ಷದ ಕೊನೆಗೆ ಗರಿಷ್ಠ ಶೇ. 25 ಮಂದಿ ಮಾತ್ರ ಕಾಯಂ. ಹೀಗಿರುವಾಗ ಯಾವ ಹುಡುಗ ತಾನಾಗಿ ‘ನನ್ನ ಕಾಲು ನೋಯುತ್ತಿದೆ’ ಎಂದಾನು? ತಾತ್ಕಾಲಿಕ ನೋವನ್ನು ಮೊದಲ ವಾರದಲ್ಲೇ ತೋರಿಸಿದರೆ ಮತ್ತೆ ಶೇಪ್ ಒನ್ ಆಗುವ ಸಾಧ್ಯತೆ ಇರುತ್ತದೆ. ಮುಚ್ಚಿಟ್ಟು ಓಡಿ ಕಾಯಂ ಮಾಡಿಕೊಂಡರೆ ಅತ್ತ ನೌಕರಿಯೂ ಇಲ್ಲ, ಇತ್ತ ಪರಿಹಾರಕ್ಕೆ ಪುರಾವೆಯೂ ಇಲ್ಲ.

ಕಡ್ಡಾಯ ಸೇವೆ ಇರುವ ದೇಶಗಳಲ್ಲೂ ಪದ್ಧತಿ ಹೆಚ್ಚು ಕಡಿಮೆ ಹೀಗೇ ಕಾಗದದ ಮೇಲೇ ನಡೆಯುತ್ತದೆ. 1967ರಿಂದ ಕಡ್ಡಾಯ ಸೇವೆ ಇರುವ ಸಿಂಗಾಪುರದಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಗಂಡುಮಕ್ಕಳೂ, ಅಲ್ಲಿನ ನಾಗರಿಕರು ಅಥವಾ ಎರಡನೇ ಪೀಳಿಗೆಯ ಕಾಯಂ ನಿವಾಸಿಗಳಾಗಿದ್ದರೆ, ಎರಡು ವರ್ಷ ಸೇವೆ ಮಾಡಬೇಕು. ಅಲ್ಲಿಯೂ ಆರೋಗ್ಯದ ದರ್ಜೆ ನೋಡಿಯೇ ಕೆಲಸ ಹಂಚುತ್ತಾರೆ. ಸೇವೆಯ ನಡುವೆ ಕಾಯಿಲೆ ಬಂದರೆ ಶಿಬಿರದ ಡಾಕ್ಟರ ಮೂಲಕ ಬೋರ್ಡಿಗೆ ಹೋಗಿ ದರ್ಜೆ ಬದಲಿಸಿಕೊಂಡು ಗುಮಾಸ್ತನ ಅಥವಾ ಸ್ಟೋರಿನ ಕೆಲಸಕ್ಕೆ ಬರಬಹುದು.

ನಮ್ಮ ಜಿಲ್ಲೆಯ ಪೇಟಕರ, ಹುಬ್ಬಳ್ಳಿಯ ನಾಗಪ್ಪ

ಕೆಲಸ ಬದಲಾಯಿತೆಂದರೆ ಬದುಕು ಮುಗಿಯಿತು ಎಂದಲ್ಲ ಎನ್ನುವುದಕ್ಕೆ ದೂರದ ಉದಾಹರಣೆ ಬೇಕಿಲ್ಲ. ಸಾಂಗ್ಲಿ ಜಿಲ್ಲೆಯ ಇಸ್ಲಾಂಪುರ ಹತ್ತಿರದ ಪೇಠ ಊರಿನ ಮುರಳಿಕಾಂತ ಪೇಟಕರ ಸೈನ್ಯದ ಇಎಂಇ ವಿಭಾಗದ ಜವಾನ, ಒಳ್ಳೆಯ ಬಾಕ್ಸರ್. 1965ರ ಯುದ್ಧದಲ್ಲಿ ಗುಂಡು ತಗುಲಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಚಿಕಿತ್ಸೆಗೆಂದು ಕಲಿತ ಈಜು ಅವರನ್ನು 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸಿಗೆ ಒಯ್ದಿತು. ಅಲ್ಲಿ 50 ಮೀಟರ್ ಫ್ರೀಸ್ಟೈಲ್ ಈಜಿನಲ್ಲಿ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು. ಪ್ಯಾರಾಲಿಂಪಿಕ್ಸಿನಲ್ಲಿ ಭಾರತಕ್ಕೆ ಬಂದ ಮೊದಲ ಚಿನ್ನ ಅದು. 2018ರಲ್ಲಿ ಪದ್ಮಶ್ರೀ ಬಂತು, 2024ರಲ್ಲಿ ಅವರ ಮೇಲೆ ‘ಚಂದು ಚಾಂಪಿಯನ್’ ಸಿನಿಮಾ ಬಂತು.

ಗಡಿಯ ಆಚೆ ಹುಬ್ಬಳ್ಳಿಯ ಕ್ಯಾಪ್ಟನ್ ನವೀನ ನಾಗಪ್ಪ ಅವರದು ಇನ್ನೊಂದು ಕತೆ. 1999ರ ಕಾರ್ಗಿಲ್ ಯುದ್ಧದಲ್ಲಿ 13 ಜಮ್ಮು-ಕಾಶ್ಮೀರ ರೈಫಲ್ಸ್‌ನಲ್ಲಿದ್ದ ಅವರಿಗೆ ಗ್ರೆನೇಡ್ ಸಿಡಿದು ಕಾಲುಗಳಿಗೆ ತೀವ್ರ ಗಾಯ. ಹಲವು ಶಸ್ತ್ರಚಿಕಿತ್ಸೆಗಳಾದವು. ಕಾಲಾಳು ಪಡೆಯ ಕೆಲಸಕ್ಕೆ ಮರಳಲು ಆಗಲಿಲ್ಲ. ಅವರು ಇಂಜಿನಿಯರಿಂಗ್ ಸೇವೆಯ ಪರೀಕ್ಷೆ ಬರೆದು, ಸೈನ್ಯಕ್ಕೇ ಕಟ್ಟಡ ಕಟ್ಟಿಕೊಡುವ ಮಿಲಿಟರಿ ಇಂಜಿನಿಯರ್ ಸರ್ವಿಸಸ್‌ಗೆ ಬಂದರು. ಸಮವಸ್ತ್ರ ಹೋಯಿತು, ಸೈನ್ಯದ ನಂಟು ಉಳಿಯಿತು.

ಹಗುರ ಕೆಲಸ ಬೇಡವೇ ಬೇಡ ಎಂದವರೂ ಇದ್ದಾರೆ. 1971ರ ಯುದ್ಧದಲ್ಲಿ ಕಾಲು ಕಳೆದುಕೊಂಡ ಗೋರ್ಖಾ ರೈಫಲ್ಸ್‌ನ ಇಯಾನ್ ಕಾರ್ಡೋಜೊ ಕೃತಕ ಕಾಲಿನ ಮೇಲೆಯೇ ಓಡಿ, ಗುಡ್ಡ ಹತ್ತಿ ತೋರಿಸಿ, ಪದಾತಿ ಬಟಾಲಿಯನ್ನಿನ ನೇತೃತ್ವ ಪಡೆದರು. ಮೇಜರ್ ಜನರಲ್ ಆಗಿ ನಿವೃತ್ತರಾದರು. ಅಂದರೆ ಕೆಟಗರಿ ಎಂಬುದು ಎರಡೂ ದಿಕ್ಕಿಗೆ ತೆರೆಯುವ ಬಾಗಿಲು.

‘ಎಸ್’ ಅಕ್ಷರದ ಅಂಜಿಕೆ

ಐದು ಅಕ್ಷರಗಳಲ್ಲಿ ನಮ್ಮವರು ಹೆಚ್ಚು ಅಂಜುವುದು ಮೊದಲ ಅಕ್ಷರಕ್ಕೆ. ಕಾಲು ಮುರಿದರೆ ಊರಿಗೆ ಹೇಳಬಹುದು. ನಿದ್ದೆ ಬರುವುದಿಲ್ಲ, ತಲೆ ಕೆಟ್ಟಂತಾಗುತ್ತದೆ, ಸಿಟ್ಟು ತಡೆಯಲಾಗುತ್ತಿಲ್ಲ ಎಂದರೆ ‘ಹುಚ್ಚ ಅಂದಾರು, ಹೆಣ್ಣ ಕೊಡಲಿಕ್ಕಿಲ್ಲ’ ಎಂಬ ಚಿಂತೆ. ರಜೆಗೆ ಬಂದಾಗ ಮನೆಯಾಕೆಗೆ ಇದು ಮೊದಲು ಗೊತ್ತಾಗುತ್ತದೆ. ಆಕೆಯೂ ಅತ್ತೆಗೆ ಹೇಳುವುದಿಲ್ಲ.

ಮನಸ್ಸಿನ ಕಾಯಿಲೆಗೂ ಕೆಟಗರಿ ಇದೆ, ಚಿಕಿತ್ಸೆ ಇದೆ, ಆಯುಧವಿಲ್ಲದ ಕೆಲಸಕ್ಕೆ ಬದಲಿಸುವ ಏರ್ಪಾಡೂ ಇದೆ. ಬಂದೂಕು ಹಿಡಿದು ಒಬ್ಬನೇ ರಾತ್ರಿ ಪಹರೆ ನಿಲ್ಲುವವನ ವಿಷಯದಲ್ಲಿ ಮುಚ್ಚಿಡುವುದು ಜೀವಕ್ಕೇ ಅಪಾಯ. ರಜೆ ಮುಗಿಸಿ ಹೊರಟ ಮಗನಿಗೆ ಅವ್ವ-ಅಪ್ಪ ‘ಹೋದ ಕೂಡಲೆ ಡಾಕ್ಟರಿಗೆ ತೋರಸು’ ಎಂದು ಒಂದು ಮಾತು ಹೇಳಿದರೆ ಅದೇ ದೊಡ್ಡ ಧೈರ್ಯ.

ನಾಲ್ಕು ಭಾಷೆಯ ನಡುವೆ ಒಂದು ಕಾಗದ

ನಮ್ಮ ಗಡಿ ಭಾಗದ ಕುಟುಂಬಗಳಿಗೆ ಇನ್ನೊಂದು ತೊಂದರೆ ಇದೆ. ಮನೆಯಲ್ಲಿ ಕನ್ನಡ, ತಾಲೂಕು ಕಚೇರಿಯಲ್ಲಿ ಮರಾಠಿ, ಯೂನಿಟ್ಟಿನಲ್ಲಿ ಹಿಂದಿ, ಬೋರ್ಡಿನ ಕಾಗದ ಇಂಗ್ಲಿಷ್. ಆಸ್ಪತ್ರೆಯಲ್ಲಿ ಮಗ ಮಲಗಿದ್ದಾಗ ಬಂದ ಪತ್ರವನ್ನು ಓದಿಸಲು ಶಾಲೆಯ ಮಾಸ್ತರರ ಹತ್ತಿರ ಹೋಗಬೇಕು. ‘ಆಟ್ರಿಬ್ಯೂಟೆಬಲ್’, ‘ಆಗ್ರವೇಟೆಡ್’ ಎಂಬ ಎರಡು ಶಬ್ದದ ಅರ್ಥ ಮಾಸ್ತರರಿಗೂ ಹೊಳೆಯದೆ ಹೋಗಬಹುದು. ಮೊದಲನೆಯದೆಂದರೆ ಸೇವೆಯಿಂದಲೇ ಬಂದದ್ದು. ಎರಡನೆಯದೆಂದರೆ ಮೊದಲೇ ಇದ್ದು ಸೇವೆಯಿಂದ ಹೆಚ್ಚಾದದ್ದು. ಇವುಗಳ ಮುಂದೆ ‘ನಾಟ್’ ಅಥವಾ ‘ನೋ’ ಎಂದಿದೆಯೋ ‘ಎಸ್’ ಎಂದಿದೆಯೋ ಅದನ್ನು ಮೊದಲು ನೋಡಿ.

ಗಡಿಯಿಂದ ಕಾನೂನು ಬದಲಾಗುವುದಿಲ್ಲ. ಸೇನಾ ಕಾಯ್ದೆ ಕೇಂದ್ರದ್ದು, ಉಮದಿಗೂ ಇಂಡಿಗೂ ಒಂದೇ. ಆದರೆ ಕಚೇರಿಗಳು ಬದಲಾಗುತ್ತವೆ. ಉಮದಿಯಿಂದ ಸಾಂಗ್ಲಿಗಿಂತ ವಿಜಯಪುರ ಹತ್ತಿರ, ಆದರೂ ಜತ್ತ ತಾಲೂಕಿನವರು ಹೋಗಬೇಕಾದದ್ದು ಸಾಂಗ್ಲಿಯ ಜಿಲ್ಹಾ ಸೈನಿಕ ಕಲ್ಯಾಣ ಕಾರ್ಯಾಲಯಕ್ಕೆ. ನಿವೃತ್ತನಾದ ಮೇಲೆ ದಾವೆ ಹೂಡಬೇಕಾದರೆ ವಾಸದ ಊರಿನ ಪ್ರಕಾರ ಜತ್ತದವರಿಗೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಮುಂಬಯಿ ಪೀಠ, ಕರ್ನಾಟಕದವರಿಗೆ ಕೊಚ್ಚಿ ಪೀಠ. 2007ರ ಕಾಯ್ದೆಯಡಿ ರಚನೆಯಾದ ಈ ನ್ಯಾಯಮಂಡಳಿ 2009ರ ಆಗಸ್ಟಿನಿಂದ ಕೆಲಸ ಮಾಡುತ್ತಿದೆ.

ಕೋರ್ಟಿಗೆ ಹೋಗುವ ಮೊದಲು ಮೆಟ್ಟಿಲುಗಳಿವೆ. ಸೇವೆಯಲ್ಲಿರುವವನು ಮೊದಲು ಕಮಾಂಡಿಂಗ್ ಅಧಿಕಾರಿಗೆ ಬರವಣಿಗೆಯಲ್ಲಿ ಕೇಳಬೇಕು. 1950ರ ಸೇನಾ ಕಾಯ್ದೆಯ 26ನೇ ಕಲಮಿನಡಿ ದೂರು ಕೊಡಲು ಸಿಪಾಯಿಗೂ ಅವಕಾಶವಿದೆ. ಅಂಗವೈಕಲ್ಯ ಪಿಂಚಣಿ ನಿರಾಕರಿಸಿದ ಪತ್ರ ಬಂದರೆ ಆರು ತಿಂಗಳೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ ಎರಡನೆಯದು, ಆಮೇಲೆ ನ್ಯಾಯಮಂಡಳಿ. ವಕೀಲರ ಫೀಗೆ ಹಣವಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬಹುದು. 2025ರ ಜುಲೈ 26ರಂದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ಸೈನಿಕ ಕುಟುಂಬಗಳಿಗಾಗಿಯೇ ‘ವೀರ ಪರಿವಾರ ಸಹಾಯತಾ ಯೋಜನೆ’ ಆರಂಭಿಸಿದೆ. ಸೈನಿಕ ಕಲ್ಯಾಣ ಕಚೇರಿಗಳಲ್ಲಿ ಕಾನೂನು ನೆರವಿನ ಕೇಂದ್ರ ತೆರೆಯುವುದು ಅದರ ಉದ್ದೇಶ. ಸಾಂಗ್ಲಿಗೆ ಹೋದಾಗ ಇದನ್ನೂ ವಿಚಾರಿಸಿ.

ಟ್ರಂಕಿನಲ್ಲಿ ಇರಬೇಕಾದ ಕಾಗದ

ಸೇರುವಾಗಿನ ವೈದ್ಯಕೀಯ ತಪಾಸಣೆಯ ದಾಖಲೆಯ ವಿವರ. ಗಾಯವಾದರೆ ಗಾಯದ ವರದಿಯ ಪ್ರತಿ. ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡುಗಳು, ಎಕ್ಸರೇ, ಸ್ಕ್ಯಾನ್. ಪ್ರತಿ ಬೋರ್ಡಿನ ಎ.ಎಫ್.ಎಂ.ಎಸ್.ಎಫ್. 15. ಬಿಡುಗಡೆಯ ಸಮಯದ ಬೋರ್ಡ್ ಕಾಗದ, ಅದರ ನಮೂನೆ ಸಂಖ್ಯೆ 16. ಯಾವ ಯಾವ ಇಸವಿಯಲ್ಲಿ ಎಲ್ಲೆಲ್ಲಿ ಪೋಸ್ಟಿಂಗ್, ಅದರಲ್ಲೂ ಸಿಯಾಚಿನ್, ಲಡಾಖ್, ಈಶಾನ್ಯದಂಥ ಕಠಿಣ ಪ್ರದೇಶ ಎಷ್ಟು ತಿಂಗಳು ಎಂಬ ಪಟ್ಟಿ. ಕೊಟ್ಟ ಅರ್ಜಿಗಳ ಪ್ರತಿ.

ಒಂದೊಂದರ ಝೆರಾಕ್ಸ್ ಮನೆಯಲ್ಲಿ ಇರಲಿ. ಹುಡುಗ ಮೊಬೈಲಿನಲ್ಲಿ ಫೋಟೊ ಕಳಿಸಿದರೆ ತಂಗಿ ಅದನ್ನು ಪ್ರಿಂಟ್ ತೆಗೆಸಿ, ಇಸವಿ ಪ್ರಕಾರ ಫೈಲಿನಲ್ಲಿ ಹಾಕಿಡಲಿ. ಮಗ ದೂರದಲ್ಲಿದ್ದಾಗ ಮನೆಯವರು ಮಾಡಬಹುದಾದ ಸೇವೆ ಇದು. ರಜೆಗೆ ಬಂದ ಮಗನ ಕೈಯಲ್ಲಿ ಎಷ್ಟು ರೊಕ್ಕ ಇದೆ ಎಂದು ಕೇಳುವ ಮೊದಲು ‘ಮೈ ಹ್ಯಾಂಗದಪಾ, ಬೋರ್ಡ್ ಆಗೇದೇನು, ಕಾಗದ ತಂದೀ ಏನು’ ಎಂದು ಕೇಳುವ ಪದ್ಧತಿ ನಮ್ಮ ಊರುಗಳ ಮನೆಗಳಲ್ಲಿ ಬರಬೇಕಾಗಿದೆ.